ಸೆರೆಮನೆಯ ಧರ್ಮಗುರು: ಖಾಲಿ ಉಳಿದ ಒಂದು ಹುದ್ದೆಯ ಇತಿಹಾಸ



ಬೆಂಗಳೂರಿನಿಂದ ಹೊಸೂರು ರಸ್ತೆ ಹಿಡಿದು ಬೊಮ್ಮನಹಳ್ಳಿ, ಕೂಡ್ಲು ಗೇಟ್, ಸಿಂಗಸಂದ್ರ ದಾಟಿದರೆ ಹೊಸ ರೋಡ್ ಎಂಬ ಕೂಡುರಸ್ತೆ ಬರುತ್ತದೆ. ನೇರ ಹೋದರೆ ಎಲೆಕ್ಟ್ರಾನಿಕ್ ಸಿಟಿ. 1978ರಲ್ಲಿ ಕಿಯೋನಿಕ್ಸ್ ಸಂಸ್ಥೆ ಹುಟ್ಟುಹಾಕಿದ ಈ ಕೈಗಾರಿಕಾ ಬಡಾವಣೆಯ ಹೆಸರು ಇಂದು ಜಗತ್ತಿಗೇ ಗೊತ್ತು. ಎಡಕ್ಕೆ ತಿರುಗಿದರೆ ಪರಪ್ಪನ ಅಗ್ರಹಾರ. ಈ ಹೆಸರೂ ನಾಡಿಗೆಲ್ಲ ಗೊತ್ತು. ಆದರೆ ಇದನ್ನು ಹೇಳುವಾಗ ಜನ ದನಿ ತಗ್ಗಿಸುತ್ತಾರೆ. ನಮ್ಮ ರಾಜ್ಯದ ಅತಿ ದೊಡ್ಡ ಕೇಂದ್ರ ಕಾರಾಗೃಹ ಇರುವುದು ಇಲ್ಲಿ.

ಮೊದಲು ಈ ಜೈಲು ನಗರದ ನಡುವೆ, ಶೇಷಾದ್ರಿ ರಸ್ತೆಯಲ್ಲಿತ್ತು. ಮೈಸೂರು ಸಂಸ್ಥಾನ ಬ್ರಿಟಿಷ್ ಕಮಿಷನರ ಆಡಳಿತದಲ್ಲಿದ್ದಾಗ, 1860ರ ದಶಕದಲ್ಲಿ ಕಟ್ಟಿದ ಹಳೆಯ ಸೆಂಟ್ರಲ್ ಜೈಲು ಅದು. ಕೈದಿಗಳನ್ನು ಪರಪ್ಪನ ಅಗ್ರಹಾರಕ್ಕೆ ಸಾಗಿಸಿದ್ದು 2000ದ ಸುಮಾರಿಗೆ. ಹಳೆಯ ಜಾಗ 2008ರಲ್ಲಿ ಫ್ರೀಡಂ ಪಾರ್ಕ್ ಆಯಿತು. ಮೆಜೆಸ್ಟಿಕ್‌ನಿಂದ ನಡೆದು ಹೋಗುವಷ್ಟು ಹತ್ತಿರವಿದ್ದ ಜೈಲು ಹೀಗೆ ಊರಾಚೆಗೆ ಹೋಯಿತು. ಜೈಲು ದೂರ ಹೋದಂತೆ ಅದರೊಳಗಿನ ಮನುಷ್ಯರೂ ನಮ್ಮ ಮನಸ್ಸಿನಿಂದ ದೂರವಾದರೇ ಎಂಬುದು ಯೋಚಿಸಬೇಕಾದ ಪ್ರಶ್ನೆ.

ಜೈಲಿನಲ್ಲಿ ಅಧೀಕ್ಷಕರು ಇರುತ್ತಾರೆ, ಜೈಲರ್ ಇರುತ್ತಾರೆ, ವೈದ್ಯರು ಇರುತ್ತಾರೆ, ವಾರ್ಡರ್‌ಗಳು ಇರುತ್ತಾರೆ. ಲೋಕದ ಬಹಳಷ್ಟು ದೇಶಗಳ ಜೈಲುಗಳಲ್ಲಿ ಇವರೊಡನೆ ಇನ್ನೊಬ್ಬರು ಇರುತ್ತಾರೆ. ಅವರ ಕೈಯಲ್ಲಿ ಲಾಠಿ ಇರುವುದಿಲ್ಲ, ಔಷಧದ ಪೆಟ್ಟಿಗೆಯೂ ಇರುವುದಿಲ್ಲ. ಕೈದಿಯ ಪಕ್ಕ ಕುಳಿತು ಅವನ ಮಾತು ಕೇಳುವುದು, ಅವನೊಡನೆ ಪ್ರಾರ್ಥಿಸುವುದು, ಅವನ ಮನೆಯ ಸುದ್ದಿ ಅವನಿಗೆ ಮುಟ್ಟಿಸುವುದು ಅವರ ಕೆಲಸ. ಇಂಗ್ಲಿಷಿನಲ್ಲಿ ಅವರಿಗೆ ‘ಚಾಪ್ಲೇನ್’ ಎನ್ನುತ್ತಾರೆ. ನಾವು ‘ಸೆರೆಮನೆಯ ಧರ್ಮಗುರು’ ಎನ್ನಬಹುದು. ಈ ಹುದ್ದೆ ಹೇಗೆ ಬಂತು, ನಮ್ಮ ದೇಶದ ಜೈಲುಗಳಲ್ಲಿ ಏಕೆ ನೆಲೆಯೂರಲಿಲ್ಲ, ಆ ಖಾಲಿ ಜಾಗದಲ್ಲಿ ನಮ್ಮಂಥವರ ಕರ್ತವ್ಯವೇನು ಎಂಬುದನ್ನು ನಿಮ್ಮ ಮುಂದಿಡುವುದೇ ಈ ಲೇಖನದ ಉದ್ದೇಶ.

ಸೆರೆಯೊಳಗಿನ ಮೊದಲ ಗುರು

ನಮ್ಮಲ್ಲಿ ಮಕ್ಕಳಿಗೂ ಗೊತ್ತಿರುವ ಕಥೆ ಪ್ರವಾದಿ ಯೂಸುಫ್(ಅ)ರದು. ಮಾಡದ ತಪ್ಪಿಗೆ ಸೆರೆಮನೆ ಸೇರಿದ ಅವರ ಬಳಿಗೆ ಇಬ್ಬರು ಸಹಕೈದಿಗಳು ತಾವು ಕಂಡ ಕನಸಿನ ಅರ್ಥ ಕೇಳಿಕೊಂಡು ಬರುತ್ತಾರೆ. ಯೂಸುಫ್(ಅ) ಅವರನ್ನು ‘ಅಪರಾಧಿಗಳೇ’ ಎಂದು ಕರೆಯಲಿಲ್ಲ; ಸೆರೆಮನೆಯ ಸಂಗಾತಿಗಳೇ ಎಂದು ಕರೆದರು. ಮೊದಲು ಅವರಿಗೆ ಒಬ್ಬನೇ ದೇವನ ಮಾತು ಹೇಳಿದರು, ಆಮೇಲೆ ಕನಸಿನ ಅರ್ಥ ಹೇಳಿದರು. ಸೆರೆಮನೆಯ ಧರ್ಮಗುರುವಿನ ಕೆಲಸಕ್ಕೆ ಇದಕ್ಕಿಂತ ಹಳೆಯ, ಇದಕ್ಕಿಂತ ಒಳ್ಳೆಯ ಮಾದರಿ ಬೇಕೇ?

ಈ ಕಥೆಯಲ್ಲಿ ಇನ್ನೊಂದು ಪಾಠವಿದೆ. ನಾವು ಅದರ ಕಡೆ ಹೆಚ್ಚು ಗಮನ ಕೊಡುವುದಿಲ್ಲ. ಬಿಡುಗಡೆಯಾಗುವವನಿಗೆ ಯೂಸುಫ್(ಅ) ಒಂದು ಮಾತು ಹೇಳಿ ಕಳಿಸುತ್ತಾರೆ: ನಿನ್ನ ಒಡೆಯನ ಬಳಿ ನನ್ನ ವಿಷಯ ಹೇಳು ಎಂದು. ಹೊರಗೆ ಹೋದವನು ಮರೆತುಬಿಟ್ಟ. ಆ ಮರೆವಿಗೆ ಯೂಸುಫ್(ಅ) ತೆತ್ತ ಬೆಲೆ ಇನ್ನೂ ಹಲವು ವರ್ಷಗಳ ಸೆರೆವಾಸ. ಒಳಗಿರುವವನ ಕಷ್ಟಕ್ಕೆ ಹೊರಗಿರುವವನ ಮರೆವೂ ಒಂದು ಕಾರಣ ಎಂಬುದನ್ನು ಈ ಕಥೆ ಎಷ್ಟೋ ಹಿಂದೆಯೇ ತೋರಿಸಿಕೊಟ್ಟಿದೆ.

ಇಸ್ಲಾಮೀ ಇತಿಹಾಸದ ಆರಂಭದ ಶತಮಾನಗಳಲ್ಲೇ ಕೈದಿಯ ಹಕ್ಕಿನ ಚರ್ಚೆ ನಡೆದಿದೆ. ಕ್ರಿ.ಶ. 717ರಿಂದ 720ರವರೆಗೆ ಆಳಿದ ಖಲೀಫ ಉಮರ್ ಬಿನ್ ಅಬ್ದುಲ್ ಅಝೀಝ್ ತಮ್ಮ ಅಧಿಕಾರಿಗಳಿಗೆ ಪತ್ರ ಬರೆದು, ನಿಂತು ನಮಾಝ್ ಮಾಡಲಾಗದಂತೆ ಯಾವ ಕೈದಿಯನ್ನೂ ಸಂಕೋಲೆಯಲ್ಲಿ ಬಿಗಿಯಬಾರದು ಎಂದು ತಾಕೀತು ಮಾಡಿದರು. ಈ ವಿಷಯವನ್ನು ದಾಖಲಿಸಿದವರು ಇಮಾಮ್ ಅಬೂ ಹನೀಫರ ಶಿಷ್ಯ, ನ್ಯಾಯಾಧೀಶ ಅಬೂ ಯೂಸುಫ್. ಖಲೀಫ ಹಾರೂನ್ ರಶೀದ್‌ಗಾಗಿ ಬರೆದ ‘ಕಿತಾಬುಲ್ ಖರಾಜ್’ನಲ್ಲಿ ಅವರು ಕೈದಿಗಳಿಗೆ ಸರ್ಕಾರದ ಬೊಕ್ಕಸದಿಂದಲೇ ಅನ್ನ, ಬಟ್ಟೆ ಕೊಡಬೇಕು, ಸರಪಳಿ ಹಾಕಿಕೊಂಡು ಬೀದಿಯಲ್ಲಿ ಬೇಡುವ ಸ್ಥಿತಿಗೆ ಅವರನ್ನು ತರಬಾರದು, ದಿಕ್ಕಿಲ್ಲದ ಕೈದಿ ಸತ್ತರೆ ಕಫನ್ ಮತ್ತು ದಫನ್ ಬೊಕ್ಕಸದ ವೆಚ್ಚದಲ್ಲೇ ನಡೆದು ಜನಾಝಾ ನಮಾಝ್ ಆಗಬೇಕು ಎಂದು ಸಲಹೆ ಕೊಟ್ಟಿದ್ದಾರೆ. ಇಂದು ಇಂಥ ಮಾತನ್ನು ನಾವು ‘ಮಾನವ ಹಕ್ಕು’ ಎನ್ನುತ್ತೇವೆ.

ಸೆರೆಮನೆಯ ಒಳಗಿನ ನೋವು ಆ ಪರಂಪರೆಗೆ ಹೊರಗಿನಿಂದ ಕೇಳಿದ ಸುದ್ದಿಯಾಗಿರಲಿಲ್ಲ. ಇಮಾಮ್ ಅಬೂ ಹನೀಫರು 767ರಲ್ಲಿ ತೀರಿಕೊಂಡದ್ದು ಬಗ್ದಾದಿನ ಸೆರೆಯಲ್ಲಿ. ಇಬ್ನು ತೈಮಿಯ್ಯ 1328ರಲ್ಲಿ ದಮಾಸ್ಕಸ್ ಕೋಟೆಯ ಬಂಧನದಲ್ಲೇ ಕಣ್ಣು ಮುಚ್ಚಿದರು. ನಮ್ಮ ದೇಶದ ಶೇಖ್ ಅಹ್ಮದ್ ಸರ್ಹಿಂದಿಯವರನ್ನು ಬಾದಶಾಹ ಜಹಾಂಗೀರ್ 1619ರಲ್ಲಿ ಗ್ವಾಲಿಯರ್ ಕೋಟೆಯಲ್ಲಿಟ್ಟಾಗ, ಅಲ್ಲಿನ ಕೈದಿಗಳು ಅವರ ಸಹವಾಸದಿಂದ ಬದಲಾದರು ಎಂದು ಅವರ ಪರಂಪರೆಯವರು ಹೇಳುತ್ತಾ ಬಂದಿದ್ದಾರೆ. ಇವರೆಲ್ಲ ಹುದ್ದೆ ಪಡೆದು ಜೈಲಿಗೆ ಹೋದವರಲ್ಲ, ಶಿಕ್ಷೆಗೊಳಗಾಗಿ ಹೋದವರು.

ಅರ್ಧ ನಿಲುವಂಗಿಯಿಂದ ಬಂದ ಹೆಸರು

ಇನ್ನು ಯುರೋಪಿನ ಕಡೆ ನೋಡೋಣ. ‘ಚಾಪ್ಲೇನ್’ ಎಂಬ ಪದದ ಹಿಂದೆ ಒಂದು ಸೊಗಸಾದ ಕಥೆಯಿದೆ. ನಾಲ್ಕನೆಯ ಶತಮಾನದಲ್ಲಿ ಮಾರ್ಟಿನ್ ಎಂಬ ಸೈನಿಕ ಚಳಿಯಲ್ಲಿ ನಡುಗುತ್ತಿದ್ದ ಭಿಕ್ಷುಕನಿಗೆ ತನ್ನ ನಿಲುವಂಗಿಯನ್ನು ಕತ್ತರಿಸಿ ಅರ್ಧ ಕೊಟ್ಟನಂತೆ. ಮುಂದೆ ಸಂತನೆನಿಸಿಕೊಂಡ ಅವನ ನಿಲುವಂಗಿಯನ್ನು ಫ್ರಾಂಕ್ ದೊರೆಗಳು ಪವಿತ್ರ ವಸ್ತುವಾಗಿ ಕಾಪಾಡಿದರು. ಲ್ಯಾಟಿನ್ ಭಾಷೆಯಲ್ಲಿ ಅಂಥ ಅಂಗಿಗೆ ‘ಕಪೆಲ್ಲ’ ಎಂದು ಹೆಸರು. ಅದನ್ನು ಕಾಯುತ್ತಿದ್ದ ಪಾದ್ರಿಗಳ ಹೆಸರಿನಿಂದ ‘ಚಾಪ್ಲೇನ್’ ಎಂಬ ಪದ ಬಂತು. ಚಳಿಯಲ್ಲಿರುವವನ ಜೊತೆ ತನ್ನ ಬಟ್ಟೆ ಹಂಚಿಕೊಳ್ಳುವುದೇ ಈ ಕೆಲಸದ ಮೂಲ ಅರ್ಥ ಎಂದರೆ ತಪ್ಪಾಗದು.

ಆದರೆ ಹೆಸರು ಒಳ್ಳೆಯದಾದ ಮಾತ್ರಕ್ಕೆ ನಡತೆ ಯಾವಾಗಲೂ ಒಳ್ಳೆಯದಿರಲಿಲ್ಲ. ಲಂಡನ್ನಿನ ನ್ಯೂಗೇಟ್ ಜೈಲಿನ ಪಾದ್ರಿಗಳು ಗಲ್ಲಿಗೇರುವವರ ಕೊನೆಯ ಮಾತುಗಳನ್ನು ಅಚ್ಚು ಹಾಕಿಸಿ ಮಾರಿ ಹಣ ಮಾಡಿಕೊಂಡದ್ದೂ ಇದೆ. 1773ರಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟ್ ಜಿಲ್ಲಾ ಜೈಲುಗಳಿಗೆ ಪಾದ್ರಿಗಳನ್ನು ಸಂಬಳ ಕೊಟ್ಟು ನೇಮಿಸಲು ಅನುಮತಿ ಕೊಟ್ಟಿತು. 1777ರಲ್ಲಿ ಜಾನ್ ಹೊವಾರ್ಡ್ ಜೈಲುಗಳನ್ನು ಸುತ್ತಿ ಅಲ್ಲಿನ ಕೊಳಕು, ಜ್ವರ, ಸುಲಿಗೆಗಳ ವರದಿ ಪ್ರಕಟಿಸಿದ ಮೇಲೆ ಸುಧಾರಣೆಯ ಮಾತು ಬಲವಾಯಿತು. 1865ರ ಕಾಯ್ದೆಯು ಪ್ರತಿಯೊಂದು ಜೈಲಿಗೂ ಒಬ್ಬ ಜೈಲರ್, ಒಬ್ಬ ವೈದ್ಯ ಇರುವಂತೆ ಒಬ್ಬ ಚಾಪ್ಲೇನ್ ಕೂಡ ಇರಲೇಬೇಕೆಂದಿತು. 1952ರ ಕಾಯ್ದೆಯೂ ಇದನ್ನೇ ಮುಂದುವರಿಸಿತು.

ಇಲ್ಲಿ ಇತಿಹಾಸ ಒಂದು ಎಚ್ಚರಿಕೆಯನ್ನೂ ಕೊಡುತ್ತದೆ. 1837ರಲ್ಲಿ ಲಂಡನ್ನಿನ ಮಿಲ್‌ಬ್ಯಾಂಕ್ ಜೈಲಿಗೆ ಡೇನಿಯಲ್ ನಿಹಿಲ್ ಎಂಬ ಪಾದ್ರಿಯನ್ನೇ ಜೈಲಿನ ಮುಖ್ಯಾಧಿಕಾರಿಯನ್ನಾಗಿ ಮಾಡಿದರು. ಧರ್ಮವೂ ಅಧಿಕಾರವೂ ಒಂದೇ ಕೈಗೆ ಬಂದಾಗ ಏನಾಗಬೇಕೋ ಅದೇ ಆಯಿತು. ಕೈದಿಗಳು ಭಕ್ತಿಯ ವೇಷ ಹಾಕುವುದನ್ನು ಕಲಿತರು. 1842ರಲ್ಲಿ ಆರಂಭವಾದ ಪೆಂಟನ್‌ವಿಲ್ ಜೈಲಿನಲ್ಲಿ ಪ್ರಾರ್ಥನಾ ಮಂದಿರದಲ್ಲಿ ಸಹ ಕೈದಿಗಳು ಒಬ್ಬರ ಮುಖ ಒಬ್ಬರು ನೋಡದಂತೆ ಹಲಗೆಯ ಗೂಡುಗಳನ್ನು ಮಾಡಿದ್ದರು. ಏಕಾಂತದಲ್ಲಿ ಪಶ್ಚಾತ್ತಾಪ ಹುಟ್ಟುತ್ತದೆ ಎಂಬುದು ಅವರ ನಂಬಿಕೆ. ಎಷ್ಟೋ ಕೈದಿಗಳಿಗೆ ಬುದ್ಧಿಭ್ರಮಣೆಯಾಯಿತು. ಬಲವಂತದ ಬೋಧನೆ ಮನಸ್ಸನ್ನು ತಿದ್ದುವುದಿಲ್ಲ, ಮುರಿಯುತ್ತದೆ ಎಂಬುದಕ್ಕೆ ಇವೆರಡು ಜೈಲುಗಳೇ ಸಾಕ್ಷಿ.

ಇನ್ನೊಂದೆಡೆ ಎಲಿಜಬೆತ್ ಫ್ರೈ ಎಂಬ ಹೆಣ್ಣುಮಗಳು ಯಾವ ಹುದ್ದೆಯೂ ಇಲ್ಲದೆ 1813ರಲ್ಲಿ ಮೊದಲ ಬಾರಿಗೆ ನ್ಯೂಗೇಟ್‌ನ ಮಹಿಳಾ ವಿಭಾಗಕ್ಕೆ ಕಾಲಿಟ್ಟರು. ಮುಂದೆ ಅವರು ಅಲ್ಲಿ ಮಾಡಿದ್ದೇನು? ಜೊತೆಯಲ್ಲಿದ್ದ ಮಕ್ಕಳಿಗೆ ಶಾಲೆ ತೆರೆದರು, ತಾಯಂದಿರಿಗೆ ಹೊಲಿಗೆ ಕಲಿಸಿದರು, ಅವರಿಗಾಗಿ ಧರ್ಮಗ್ರಂಥ ಓದಿದರು. ಸಂಬಳದ ಪಾದ್ರಿಗಳಿಗಿಂತ ಈಕೆಯ ಹೆಸರೇ ಇತಿಹಾಸದಲ್ಲಿ ಉಳಿಯಿತು.

ಅದೇ ಸಾಮ್ರಾಜ್ಯ, ಬೇರೆ ನಿಯಮ

ಈಗ ನಮ್ಮ ದೇಶಕ್ಕೆ ಬರೋಣ. 1835ರಲ್ಲಿ ಮೆಕಾಲೆಯ ಸಲಹೆಯ ಮೇರೆಗೆ ಈಸ್ಟ್ ಇಂಡಿಯಾ ಕಂಪನಿ ಸರ್ಕಾರ ಜೈಲುಗಳ ಬಗ್ಗೆ ಸಮಿತಿ ನೇಮಿಸಲು ಮುಂದಾಯಿತು. 1838ರಲ್ಲಿ ವರದಿ ಬಂತು. ನೈತಿಕ ಮತ್ತು ಧಾರ್ಮಿಕ ಬೋಧನೆ, ವಿದ್ಯಾಭ್ಯಾಸ, ಸನ್ನಡತೆಗೆ ಬಹುಮಾನ ಇವು ಯಾವುವೂ ಭಾರತದ ಕೈದಿಗಳಿಗೆ ಬೇಡ ಎಂದು ಆ ಸಮಿತಿ ತೀರ್ಮಾನಿಸಿತು. ಮನಸ್ಸಿಗೆ ಬೇಸರ ತರಿಸುವ ಒಂದೇ ಬಗೆಯ ದುಡಿಮೆಯೇ ಶಿಕ್ಷೆ ಎಂಬುದು ಅದರ ಧೋರಣೆ.

ಹಾಗಾದರೆ ನಮ್ಮ ಜೈಲುಗಳಲ್ಲಿ ಧರ್ಮಕ್ಕೆ ಜಾಗವೇ ಇರಲಿಲ್ಲವೇ? ಇತ್ತು, ಆದರೆ ಬೇರೆ ರೂಪದಲ್ಲಿ. 1840ರ ದಶಕದಲ್ಲಿ ಬಿಹಾರದ ಜೈಲುಗಳಲ್ಲಿ ಎಲ್ಲ ಕೈದಿಗಳಿಗೂ ಒಂದೇ ಅಡುಗೆ ಮಾಡಿಸಲು ಹೊರಟಾಗ ಗಲಭೆಗಳಾದವು. 1855ರಲ್ಲಿ ಆರಾ ಮತ್ತು ಮುಜಫರ್‌ಪುರದಲ್ಲಿ ಕೈದಿಗಳ ಹಿತ್ತಾಳೆ ಲೋಟಾಗಳನ್ನು ಕಸಿದು ಮಣ್ಣಿನ ಪಾತ್ರೆ ಕೊಟ್ಟಾಗ ಜೈಲಿನೊಳಗೂ ಊರಿನಲ್ಲೂ ದಂಗೆಯೆದ್ದಿತು. ಅಧಿಕಾರಿಗಳು ಲೋಟಾಗಳನ್ನು ಹಿಂದಿರುಗಿಸಬೇಕಾಯಿತು. ಇದರಿಂದ ಸರ್ಕಾರ ಕಲಿತ ಪಾಠವೆಂದರೆ ಜಾತಿ ಮತ್ತು ಧರ್ಮದ ತಂಟೆಗೆ ಹೋಗಬಾರದು ಎಂಬುದು. ಅಡುಗೆಯನ್ನು ಯಾವ ಜಾತಿಯವನು ಮಾಡಬೇಕು, ಕಸವನ್ನು ಯಾವ ಜಾತಿಯವನು ಗುಡಿಸಬೇಕು ಎಂಬುದೆಲ್ಲ ಜೈಲು ಕೈಪಿಡಿಗಳಲ್ಲಿ ನಿಯಮವಾಗಿ ಸೇರಿಕೊಂಡಿತು. ಸ್ವಾತಂತ್ರ್ಯ ಬಂದು ಎಪ್ಪತ್ತೇಳು ವರ್ಷಗಳಾದ ಮೇಲೆ, 2024ರ ಅಕ್ಟೋಬರ್ 3ರಂದು, ಸುಪ್ರೀಂ ಕೋರ್ಟು ಇಂಥ ಜಾತಿ ನಿಯಮಗಳು ಸಂವಿಧಾನಕ್ಕೆ ವಿರುದ್ಧವೆಂದು ತೀರ್ಪು ಕೊಟ್ಟು, ಕೈದಿಗಳ ರಿಜಿಸ್ಟರಿನಿಂದ ಜಾತಿಯ ಕಾಲಂ ತೆಗೆಯಲು ಆದೇಶಿಸಬೇಕಾಯಿತು.

1894ರ ಕಾರಾಗೃಹ ಕಾಯ್ದೆಯನ್ನು ನೋಡಿ. ಪ್ರತಿ ಜೈಲಿಗೂ ಅಧೀಕ್ಷಕ, ವೈದ್ಯಾಧಿಕಾರಿ, ಜೈಲರ್ ಇರಬೇಕೆಂದು ಅದು ಹೆಸರಿಸುತ್ತದೆ. ಧರ್ಮಗುರುವಿನ ಹೆಸರಿಲ್ಲ. ಅದೇ ರಾಣಿಯ ಆಳ್ವಿಕೆ. ಇಂಗ್ಲೆಂಡಿನ 1865ರ ಕಾಯ್ದೆಯಲ್ಲಿ ಇದ್ದ ಹುದ್ದೆ ಭಾರತದ 1894ರ ಕಾಯ್ದೆಯಲ್ಲಿ ಇರಲಿಲ್ಲ. ಇಂಗ್ಲೆಂಡಿನ ಕೈದಿಗೆ ಆತ್ಮವಿದೆ, ಭಾರತದ ಕೈದಿಗೆ ಬರೀ ಜಾತಿಯಿದೆ ಎಂದು ಆಳುವವರು ಭಾವಿಸಿದ್ದರೇ? ಓದುಗರೇ ತೀರ್ಮಾನಿಸಲಿ. 1920ರಲ್ಲಿ ವರದಿ ಕೊಟ್ಟ ಕಾರ್ಡ್ಯೂ ಸಮಿತಿ ಮೊದಲ ಬಾರಿಗೆ ಕೈದಿಯ ಸುಧಾರಣೆಯೂ ಜೈಲಿನ ಗುರಿ ಎಂದು ಒಪ್ಪಿಕೊಂಡಿತು. ಆದರೂ ಇಂಗ್ಲೆಂಡಿನಂತೆ ಪ್ರತಿ ಜೈಲಿಗೂ ಒಬ್ಬ ಧರ್ಮಗುರು ಎಂಬ ಕಾಯಂ ಹುದ್ದೆ ನಮ್ಮಲ್ಲಿ ಬೆಳೆಯಲಿಲ್ಲ.

ಒಂದು ಸಂದರ್ಭದಲ್ಲಿ ಮಾತ್ರ ಧರ್ಮಗುರುವಿನ ನೆನಪು ತಪ್ಪದೆ ಬರುತ್ತದೆ. ಗಲ್ಲಿಗೇರುವವನು ಬಯಸಿದರೆ ಅವನ ಧರ್ಮದ ಗುರು ಹತ್ತಿರವಿರಲು ಅಧೀಕ್ಷಕರು ಅವಕಾಶ ಕೊಡಬಹುದೆಂದು ಮಾದರಿ ಕೈಪಿಡಿ ಹೇಳುತ್ತದೆ. ಸಾಯುವ ಬೆಳಗ್ಗೆ ಗುರು ಬೇಕು ಎನ್ನುವ ನಿಯಮಕ್ಕೆ, ಬದುಕಿರುವ ಸಾವಿರ ಬೆಳಗುಗಳಲ್ಲಿ ಗುರು ಬೇಕೆಂದು ಅನ್ನಿಸದಿದ್ದುದು ವಿಷಾದದ ಸಂಗತಿ.

ಕೈದಿಗಳೇ ಗುರುಗಳಾದಾಗ

ಸರ್ಕಾರ ಕೊಡದ ಗುರುವನ್ನು ಸ್ವಾತಂತ್ರ್ಯ ಹೋರಾಟ ಒದಗಿಸಿತು. ಶೇಖುಲ್ ಹಿಂದ್ ಮೌಲಾನಾ ಮಹಮೂದ್ ಹಸನ್ ಅವರನ್ನು ಬ್ರಿಟಿಷರು ಮಾಲ್ಟಾ ದ್ವೀಪದಲ್ಲಿ 1920ರವರೆಗೆ ಬಂಧನದಲ್ಲಿಟ್ಟರು. ಜೊತೆಗೆ ಶಿಷ್ಯ ಹುಸೇನ್ ಅಹ್ಮದ್ ಮದನಿಯವರೂ ಇದ್ದರು. ಓದುವುದು, ಕಲಿಸುವುದು ಅಲ್ಲಿಯೂ ನಿಲ್ಲಲಿಲ್ಲ. ಖಾನ್ ಅಬ್ದುಲ್ ಗಫಾರ್ ಖಾನರು 1930ರಲ್ಲಿ ಪಂಜಾಬಿನ ಗುಜರಾತ್ ಜೈಲಿನಲ್ಲಿದ್ದಾಗ ಕುರ್‌ಆನ್ ಮತ್ತು ಗೀತೆಯ ಪಾಠಗಳು ನಡೆದವು. ಕುರ್‌ಆನ್ ಹೇಳಿಕೊಟ್ಟವರು ಖಾನ್ ಸಾಹೇಬರು, ಗೀತೆ ಹೇಳಿಕೊಟ್ಟವರು ಜೊತೆಯಲ್ಲಿದ್ದ ಒಬ್ಬ ಪಂಡಿತರು. ಒಂದೇ ಗೋಡೆಯೊಳಗೆ ಎರಡು ತರಗತಿ!

ನಮ್ಮ ಬೆಂಗಳೂರಿನ ಹಳೆಯ ಸೆಂಟ್ರಲ್ ಜೈಲಿಗೂ ಅಂಥ ಒಂದು ಅಧ್ಯಾಯವಿದೆ. 1975ರ ತುರ್ತು ಪರಿಸ್ಥಿತಿಯಲ್ಲಿ ಅಟಲ್ ಬಿಹಾರಿ ವಾಜಪೇಯಿ, ಲಾಲ್ ಕೃಷ್ಣ ಅಡ್ವಾಣಿ, ಮಧು ದಂಡವತೆ ಮೊದಲಾದವರು ಅಲ್ಲಿದ್ದರು ಎಂಬುದು ಎಲ್ಲರಿಗೂ ಗೊತ್ತು. ಮಹಿಳಾ ವಿಭಾಗದಲ್ಲಿದ್ದ ಕಲಾವಿದೆ ಸ್ನೇಹಲತಾ ರೆಡ್ಡಿಯವರ ವಿಷಯ ಕಡಿಮೆ ಜನರಿಗೆ ಗೊತ್ತು. ಉಬ್ಬಸದಿಂದ ನರಳುತ್ತಿದ್ದ ಆಕೆ ಜೊತೆಯಲ್ಲಿದ್ದ ಬಡ ಹೆಂಗಸರ ಕಷ್ಟಕ್ಕೆ ದನಿಯಾದರು. ಬಿಡುಗಡೆಯಾದ ಕೆಲವೇ ದಿನಗಳಲ್ಲಿ, 1977ರ ಜನವರಿ 20ರಂದು ತೀರಿಕೊಂಡರು. ಆಕೆ ಯಾವ ಧರ್ಮಪೀಠದವರೂ ಅಲ್ಲ. ಆದರೂ ಸೆರೆಮನೆಯ ಗುರುವಿನ ಕೆಲಸದ ಒಂದು ಮುಖ್ಯ ಭಾಗವನ್ನು ಆಕೆ ಮಾಡಿದರು: ಪಕ್ಕದವರ ನೋವಿಗೆ ಕಿವಿಗೊಟ್ಟರು.

ಲೋಕ ಒಪ್ಪಿದ ನಿಯಮ

1955ರಲ್ಲಿ ಜಿನೀವಾದಲ್ಲಿ ವಿಶ್ವಸಂಸ್ಥೆಯ ಸಮಾವೇಶ ಕೈದಿಗಳನ್ನು ನಡೆಸಿಕೊಳ್ಳುವ ಬಗ್ಗೆ ಕನಿಷ್ಠ ನಿಯಮಗಳನ್ನು ಒಪ್ಪಿತು. 2015ರಲ್ಲಿ ಅವನ್ನು ಪರಿಷ್ಕರಿಸಿ, 27 ವರ್ಷ ಸೆರೆಯಲ್ಲಿದ್ದ ನೆಲ್ಸನ್ ಮಂಡೇಲಾರ ಹೆಸರಿಟ್ಟರು. ಅದರ 65ನೆಯ ನಿಯಮದ ಸಾರ ಇಷ್ಟು: ಒಂದು ಧರ್ಮದ ಕೈದಿಗಳು ಸಾಕಷ್ಟು ಸಂಖ್ಯೆಯಲ್ಲಿದ್ದರೆ ಆ ಧರ್ಮದ ಅರ್ಹ ಪ್ರತಿನಿಧಿಯೊಬ್ಬರನ್ನು ನೇಮಿಸಬೇಕು ಅಥವಾ ಒಪ್ಪಿಕೊಳ್ಳಬೇಕು, ಅವರಿಗೆ ಸಾಮೂಹಿಕ ಪ್ರಾರ್ಥನೆ ನಡೆಸಲು, ಕೈದಿಯನ್ನು ಖಾಸಗಿಯಾಗಿ ಕಾಣಲು ಅವಕಾಶವಿರಬೇಕು, ಆದರೆ ಕೈದಿ ಬೇಡವೆಂದರೆ ಅವನ ಮಾತನ್ನು ಪೂರ್ತಿಯಾಗಿ ಗೌರವಿಸಬೇಕು. ಈ ಕೊನೆಯ ಮಾತನ್ನು ದಯವಿಟ್ಟು ಗಮನಿಸಿ. ಮಿಲ್‌ಬ್ಯಾಂಕ್, ಪೆಂಟನ್‌ವಿಲ್‌ಗಳ ಕಹಿ ಅನುಭವ ಇದರ ಹಿಂದಿದೆ.

ಇಂಗ್ಲೆಂಡಿನಲ್ಲೂ ಬಹುಕಾಲ ಚಾಪ್ಲೇನ್ ಎಂದರೆ ಕ್ರೈಸ್ತ ಪಾದ್ರಿಯೇ. ಮುಸ್ಲಿಂ ಕೈದಿಗಳನ್ನು ಹೊರಗಿನ ಇಮಾಮರು ಆಗಾಗ ಬಂದು ನೋಡಿಹೋಗುತ್ತಿದ್ದರು. 1999ರಲ್ಲಿ ಮಕ್ಸೂದ್ ಅಹ್ಮದ್ ಎಂಬವರು ಅಲ್ಲಿನ ಕಾರಾಗೃಹ ಇಲಾಖೆಯ ಮೊದಲ ಮುಸ್ಲಿಂ ಸಲಹೆಗಾರರಾದರು. ಆಮೇಲೆ ಇಮಾಮರೂ ಪೂರ್ಣಾವಧಿ ನೌಕರರಾಗಿ ನೇಮಕವಾದರು. ಅದೇ 1999ರ ಅಲ್ಲಿನ ಜೈಲು ನಿಯಮಗಳು ಧರ್ಮಗುರುವಿನ ಕೆಲಸವನ್ನು ಬಿಡಿಸಿ ಹೇಳುತ್ತವೆ. ಹೊಸ ಕೈದಿ ಬಂದ ಕೂಡಲೇ ಅವನನ್ನು ಒಬ್ಬನೇ ಆಗಿ ಕಾಣಬೇಕು. ಬಿಡುಗಡೆಗೆ ಸ್ವಲ್ಪ ಮುಂಚೆ ಮತ್ತೆ ಕಾಣಬೇಕು. ಕಾಯಿಲೆ ಬಿದ್ದವರನ್ನು, ಒಂಟಿ ಕೋಣೆಯಲ್ಲಿ ಇಟ್ಟವರನ್ನು ದಿನವೂ ಭೇಟಿ ಮಾಡಬೇಕು. ಇದರಲ್ಲಿ ಭಾಷಣದ ಮಾತು ಎಲ್ಲಿದೆ? ಒಳಗೆ ಬಂದ ಮೊದಲ ರಾತ್ರಿ, ಕಾಯಿಲೆ, ಒಂಟಿತನ, ಹೊರಗೆ ಹೋಗುವ ಬೆಳಗ್ಗೆ: ಮನುಷ್ಯ ಕುಸಿದುಬೀಳುವ ಹೊತ್ತುಗಳು ಇವೇ.

ನಮ್ಮ ದೇಶದ 2016ರ ಮಾದರಿ ಕಾರಾಗೃಹ ಕೈಪಿಡಿಯೂ ಕೈದಿಗಳ ಶಿಕ್ಷಣದಲ್ಲಿ ಅಕ್ಷರ ಮತ್ತು ವೃತ್ತಿ ಶಿಕ್ಷಣದ ಜೊತೆಗೆ ನೈತಿಕ ಮತ್ತು ಆಧ್ಯಾತ್ಮಿಕ ಶಿಕ್ಷಣವನ್ನು ಸೇರಿಸಿದೆ. ಆದರೆ ಅದನ್ನು ಕೊಡುವವರು ಹೆಚ್ಚಾಗಿ ಸ್ವಯಂಸೇವಕರೇ. 1975ರಲ್ಲಿ ಜೈಪುರದ ಜೈಲಿನಲ್ಲಿ ಗೋಯಂಕಾ ಗುರೂಜಿಯವರು ವಿಪಶ್ಯನಾ ಶಿಬಿರ ನಡೆಸಿದರು. 1994ರಲ್ಲಿ ಕಿರಣ್ ಬೇಡಿಯವರು ಅಧಿಕಾರಿಯಾಗಿದ್ದಾಗ ತಿಹಾರ್ ಜೈಲಿನಲ್ಲಿ ಸಾವಿರದಷ್ಟು ಕೈದಿಗಳು ಒಟ್ಟಿಗೆ ಆ ಶಿಬಿರದಲ್ಲಿ ಕುಳಿತರು. ಬ್ರಹ್ಮಕುಮಾರಿಯರು, ನಮ್ಮ ಕನಕಪುರ ರಸ್ತೆಯ ಆರ್ಟ್ ಆಫ್ ಲಿವಿಂಗ್‌ನವರು ಜೈಲುಗಳಲ್ಲಿ ತರಗತಿ ನಡೆಸುತ್ತಾ ಬಂದಿದ್ದಾರೆ. ಕ್ಯಾಥೊಲಿಕರ ‘ಪ್ರಿಸನ್ ಮಿನಿಸ್ಟ್ರಿ ಇಂಡಿಯಾ’ 1980ರ ದಶಕದ ಆರಂಭದಲ್ಲಿ ಕೇರಳದಲ್ಲಿ ಗುರುಮಠದ ವಿದ್ಯಾರ್ಥಿಗಳಿಂದ ಶುರುವಾಗಿ ದೇಶವೆಲ್ಲ ಹರಡಿತು. ಅದರ ರಾಷ್ಟ್ರೀಯ ಕಚೇರಿ ಬೆಂಗಳೂರಿಗೆ ಬಂತು. ಅವರು ಕೈದಿಯನ್ನು ನೋಡಿ ಬರುವುದಷ್ಟೇ ಅಲ್ಲ, ಅವನ ಮಕ್ಕಳ ಓದು, ಬಿಡುಗಡೆಯಾದವನ ವಸತಿಯ ಕಡೆಗೂ ಗಮನ ಕೊಟ್ಟರು. ವಿದ್ಯಾರ್ಥಿಗಳು ಶುರು ಮಾಡಿದ ಕೆಲಸ ಎಂಬುದನ್ನು ನಮ್ಮ ವಿದ್ಯಾರ್ಥಿಗಳು ನೆನಪಿಟ್ಟುಕೊಳ್ಳಬೇಕು.

ಗೋಡೆಯ ಆಚೆ ಇರುವವರು ಯಾರು?

ಜೈಲಿನಲ್ಲಿರುವವರೆಲ್ಲ ಅಪರಾಧಿಗಳು ಎಂದು ನಾವು ತಿಳಿದಿರುತ್ತೇವೆ. ಸರ್ಕಾರದ ಅಂಕಿಅಂಶವೇ ಬೇರೆ ಹೇಳುತ್ತದೆ. 2022ರ ಕೊನೆಯ ದಿನ ದೇಶದ ಜೈಲುಗಳಲ್ಲಿದ್ದವರು 5,73,220 ಮಂದಿ. ಅವರಲ್ಲಿ 4,34,302 ಮಂದಿ ವಿಚಾರಣಾಧೀನರು. ಅಂದರೆ ನಾಲ್ವರಲ್ಲಿ ಮೂವರ ಮೇಲೆ ಅಪರಾಧ ಇನ್ನೂ ಸಾಬೀತಾಗಿಲ್ಲ. ನೂರು ಜನರ ಜಾಗದಲ್ಲಿ ಸರಾಸರಿ 131 ಜನ ಇದ್ದರು.

ಪೀಣ್ಯ, ಬೊಮ್ಮಸಂದ್ರ, ವೈಟ್‌ಫೀಲ್ಡ್‌ಗಳ ಕಾರ್ಖಾನೆ, ಕಟ್ಟಡಗಳಿಗೆ ದುಡಿಯಲು ಬಂದ ಹುಡುಗರನ್ನು ನೆನೆದುಕೊಳ್ಳಿ. ಒಬ್ಬನು ಕಲಬುರಗಿ, ಬೀದರಿನವನು, ಇನ್ನೊಬ್ಬನು ಬಿಹಾರ, ಬಂಗಾಳದವನು. ಇಂಥವನೊಬ್ಬ ಜಗಳದಲ್ಲೋ ಕಳವಿನ ಆರೋಪದಲ್ಲೋ ಒಳಗೆ ಹೋದರೆ, ಜಾಮೀನು ಮಂಜೂರಾದರೂ ಶ್ಯೂರಿಟಿ ಕೊಡಲು ಈ ಊರಿನಲ್ಲಿ ಅವನಿಗೆ ಯಾರಿದ್ದಾರೆ? ಆರೋಪಪಟ್ಟಿ ಕನ್ನಡದಲ್ಲಿರುತ್ತದೆ. ಅವನಿಗೆ ಬರುವುದು ಉರ್ದು ಅಥವಾ ಹಿಂದಿ. ಮನೆಯವರಿಗೆ ಬರೆಯೋಣವೆಂದರೆ ಎಷ್ಟೋ ಜನರಿಗೆ ಅಕ್ಷರವೇ ಬಾರದು.

ಇದು ನಮ್ಮ ತರಗತಿಯ ಬಾಗಿಲಿಗೂ ಬರುತ್ತದೆ. ಉರ್ದು ಮತ್ತು ಕನ್ನಡ ಎರಡನ್ನೂ ಕಲಿಸುವ ನಾನು ಹಾಜರಿ ಕರೆಯುವಾಗ ಕಂಡದ್ದಿದೆ: ಚೆನ್ನಾಗಿ ಓದುತ್ತಿದ್ದ ಮಗು ವಾರಕ್ಕೊಂದು ದಿನ ತಪ್ಪಿಸಿಕೊಳ್ಳುತ್ತದೆ. ಕೇಳಿದರೆ ‘ಅಬ್ಬಾ ಊರಿಗೆ ಹೋಗಿದ್ದಾರೆ ಸರ್’ ಎನ್ನುತ್ತದೆ. ಅಬ್ಬಾ ಯಾವ ಊರಿಗೆ ಹೋಗಿದ್ದಾರೆಂದು ಇಡೀ ಬೀದಿಗೆ ಗೊತ್ತಿರುತ್ತದೆ. ಅಮ್ಮಿಯ ಜೊತೆ ಮುಲಾಖಾತಿಗೆ ಹೋಗುವ ದಿನ ಆ ಮಗುವಿಗೆ ಶಾಲೆ ಇಲ್ಲ. ಸ್ವಲ್ಪ ದಿನಕ್ಕೆ ಬೀದಿಯ ಮಾತು ತಡೆಯಲಾರದೆ ಶಾಲೆಯನ್ನೇ ಬಿಡುತ್ತದೆ. ತಂದೆಗೆ ನ್ಯಾಯಾಲಯ ಶಿಕ್ಷೆ ಕೊಡುವ ಮೊದಲೇ ಮಗುವಿಗೆ ನಾವು ಶಿಕ್ಷೆ ಕೊಟ್ಟುಬಿಡುತ್ತೇವೆ.

ನಾವು ಏನು ಮಾಡಬಹುದು?

ಸರ್ಕಾರ ಹುದ್ದೆ ಸೃಷ್ಟಿಸಲಿ ಎಂದು ಕಾಯುತ್ತಾ ಕೂರುವ ಅಗತ್ಯವಿಲ್ಲ. ನಮ್ಮಂಥ ವಿದ್ಯಾಸಂಸ್ಥೆಗಳಲ್ಲಿ ಇದಕ್ಕೆ ಬೇಕಾದ ಬಂಡವಾಳ ಆಗಲೇ ಇದೆ. ಅದು ಹಣವಲ್ಲ, ಅಕ್ಷರ. ಎರಡು ಭಾಷೆ ಬಲ್ಲ ನಿವೃತ್ತ ಶಿಕ್ಷಕರು, ಶಿಕ್ಷಕಿಯರು, ತಿಳಿವಳಿಕೆಯುಳ್ಳ ಇಮಾಮರು, ಒಬ್ಬಿಬ್ಬರು ವಕೀಲರು ಸೇರಿ ಕಾರಾಗೃಹ ಇಲಾಖೆಯ ಅನುಮತಿ ಪಡೆದು ವಾರಕ್ಕೊಂದು ದಿನ ಹೋಗಿಬರಬಹುದು. ಹಬ್ಬದ ದಿನ ಖರ್ಜೂರ ಹಂಚಿ ಫೋಟೋ ತೆಗೆಸಿಕೊಂಡು ಬರುವುದು ಸುಲಭ. ಮಳೆಯಿರಲಿ ಬಿಸಿಲಿರಲಿ ಹೇಳಿದ ದಿನ ತಪ್ಪದೆ ಹೋಗುವುದು ಕಷ್ಟ. ಆದರೆ ಕೈದಿ ಕಾಯುವುದು ಆ ಎರಡನೆಯವರನ್ನು.

ಅಲ್ಲಿ ಮಾಡಬೇಕಾದ ಕೆಲಸ ದೊಡ್ಡದೇನಲ್ಲ. ನಮಾಝ್ ಕಲಿಯಬೇಕೆನ್ನುವವನಿಗೆ ನಮಾಝ್ ಕಲಿಸಬೇಕು. ಅಕ್ಷರ ಬೇಕೆನ್ನುವವನಿಗೆ ಅಕ್ಷರ. ಕಾಗದ ಬರೆಯಲು ಬಾರದವನಿಗೆ ಕಾಗದ ಬರೆದುಕೊಡಬೇಕು. ಕನ್ನಡದ ಆರೋಪಪಟ್ಟಿಯನ್ನು ಅವನ ಭಾಷೆಯಲ್ಲಿ ಓದಿ ಹೇಳಬೇಕು. ಬಂಧನದಲ್ಲಿರುವ ಯಾರಿಗಾದರೂ 1987ರ ಕಾಯ್ದೆಯಂತೆ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆಂದು ತಿಳಿಸಬೇಕು. 2024ರ ಜುಲೈ 1ರಿಂದ ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ 479ನೆಯ ಕಲಂ ಪ್ರಕಾರ, ಹಿಂದೆ ಎಂದೂ ಶಿಕ್ಷೆಯಾಗದವನು ಗರಿಷ್ಠ ಶಿಕ್ಷೆಯ ಮೂರನೆಯ ಒಂದು ಭಾಗವನ್ನು ವಿಚಾರಣೆಯಲ್ಲೇ ಕಳೆದಿದ್ದರೆ ಬಾಂಡ್ ಮೇಲೆ ಬಿಡುಗಡೆಗೆ ಅರ್ಹನಾಗುತ್ತಾನೆ. ಮರಣದಂಡನೆ, ಜೀವಾವಧಿ ಶಿಕ್ಷೆಯ ಅಪರಾಧಗಳಿಗೆ, ಒಂದಕ್ಕಿಂತ ಹೆಚ್ಚು ಪ್ರಕರಣ ಇರುವವರಿಗೆ ಇದು ಅನ್ವಯಿಸದು. 2023ರಲ್ಲಿ ಕೇಂದ್ರ ಸರ್ಕಾರ ರೂಪಿಸಿದ ಬಡ ಕೈದಿಗಳ ನೆರವಿನ ಯೋಜನೆಯಲ್ಲಿ ಜಾಮೀನಿಗಾಗಿ 40,000 ರೂಪಾಯಿವರೆಗೆ, ದಂಡ ಕಟ್ಟಲು 25,000 ರೂಪಾಯಿವರೆಗೆ ಕೊಡಲು ಅವಕಾಶ ಮಾಡಲಾಯಿತು. ಇಂಥ ದಾರಿಗಳಿವೆ ಎಂದು ಒಳಗಿರುವವನಿಗೆ ಯಾರು ಹೇಳಬೇಕು?

ಕೆಲವು ಎಚ್ಚರಿಕೆಗಳೂ ಬೇಕು. ಬಂದವನು ಹಿಂದೂವೋ ಮುಸಲ್ಮಾನನೋ ಕ್ರೈಸ್ತನೋ ಎಂದು ನೋಡಿ ಕಾಗದ ಬರೆದುಕೊಡುವುದಲ್ಲ. ಯೂಸುಫ್(ಅ)ರು ಕನಸಿನ ಅರ್ಥ ಹೇಳಿದ್ದು ಬೇರೆ ನಂಬಿಕೆಯ ಸಂಗಾತಿಗಳಿಗೆ. ‘ಏನು ಮಾಡಿ ಬಂದೆ?’ ಎಂದು ಮೊದಲ ದಿನವೇ ಕೇಳಬಾರದು. ಅವನು ಹೇಳಿದ್ದನ್ನು ಹೊರಗೆ ಮಸೀದಿಯ ಜಗಲಿಯಲ್ಲಿ ಆಡಬಾರದು. ಜೈಲಿನ ನಿಯಮ ಮುರಿಯಬಾರದು. ಏನನ್ನೂ ಗುಟ್ಟಾಗಿ ಒಳಗೆ ತರಬಾರದು, ಹೊರಗೆ ಒಯ್ಯಬಾರದು. ನ್ಯಾಯಾಲಯದ ಕೆಲಸವನ್ನು ನಾವು ಮಾಡಲು ಹೋಗಬಾರದು. ತಪ್ಪು ಮಾಡಿದವನ ತಪ್ಪನ್ನು ಸರಿಯೆನ್ನಬೇಕಾಗಿಲ್ಲ. ಅವನಿಂದ ನೊಂದವರೂ ಇದ್ದಾರೆಂಬುದನ್ನು ಮರೆಯಬಾರದು. ತಪ್ಪಿನ ಅರಿವು ಮೂಡಿಸುವುದೂ ಗುರುವಿನ ಕೆಲಸವೇ. ಆದರೆ ಅದು ಗದರಿಕೆಯಿಂದ ಬರುವುದಿಲ್ಲ ಎಂಬುದನ್ನು ಶಿಕ್ಷಕರಾದ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಕೆಲಸದ ಅರ್ಧ ಭಾಗ ಗೋಡೆಯ ಹೊರಗಿದೆ. ಕೈದಿಯ ಮಗು ಶಾಲೆ ಬಿಡದಂತೆ ನೋಡಿಕೊಳ್ಳುವುದು, ಅದರ ಪುಸ್ತಕ, ಫೀಸಿನ ವ್ಯವಸ್ಥೆ ಮಾಡುವುದು, ತರಗತಿಯಲ್ಲಿ ಯಾರೂ ಅದನ್ನು ಹಂಗಿಸದಂತೆ ಕಾಯುವುದು ನಮ್ಮ ಕೈಯಲ್ಲೇ ಇದೆ. ಬಿಡುಗಡೆಯಾಗಿ ಬಂದವನಿಗೆ ಪೀಣ್ಯದಲ್ಲೋ ಬೊಮ್ಮಸಂದ್ರದಲ್ಲೋ ವರ್ಕ್‌ಶಾಪ್ ನಡೆಸುವ ನಮ್ಮ ಸದಸ್ಯರೊಬ್ಬರು ಕೆಲಸ ಕೊಟ್ಟರೆ, ಅವನು ಮತ್ತೆ ಒಳಗೆ ಹೋಗದಂತೆ ತಡೆಯಲು ಹತ್ತು ಉಪದೇಶಗಳಿಗಿಂತ ಅದು ಹೆಚ್ಚು ಉಪಯೋಗಕ್ಕೆ ಬರುತ್ತದೆ.

ವಿದ್ಯಾರ್ಥಿ ಮಿತ್ರರೇ, ನಿಮ್ಮಲ್ಲಿ ಕೆಲವರು ನಾಳೆ ವಕೀಲರಾಗುತ್ತೀರಿ, ಕೆಲವರು ಸಮಾಜಕಾರ್ಯ ಓದುತ್ತೀರಿ, ಕೆಲವರು ಆಲಿಮ್ ಆಗುತ್ತೀರಿ, ಕೆಲವರು ಪೊಲೀಸ್ ಅಥವಾ ಕಾರಾಗೃಹ ಇಲಾಖೆಗೇ ಸೇರುತ್ತೀರಿ. ಎಲ್ಲಿಗೇ ಹೋದರೂ ಖಾಲಿ ಉಳಿದ ಈ ಹುದ್ದೆಯ ನೆನಪಿರಲಿ. ಅದಕ್ಕೆ ಸಂಬಳವಿಲ್ಲ, ಬಡ್ತಿಯಿಲ್ಲ. ಬೇಕಾಗಿರುವುದು ಕೇಳುವ ಕಿವಿ ಮತ್ತು ತಪ್ಪದೆ ಬರುವ ಕಾಲು. ಹಸಿದವನಿಗೆ ಉಣಿಸುವುದು, ರೋಗಿಯನ್ನು ನೋಡಲು ಹೋಗುವುದು, ಸೆರೆಯಾಳಿನ ಬಿಡುಗಡೆಗೆ ಯತ್ನಿಸುವುದು, ಈ ಮೂರನ್ನೂ ಪ್ರವಾದಿ(ಸ)ರು ಜೊತೆಜೊತೆಯಾಗಿ ಹೇಳಿದ್ದಾರೆ. ಮೊದಲಿನ ಎರಡನ್ನು ನಾವು ಅಷ್ಟಿಷ್ಟು ಮಾಡುತ್ತಿದ್ದೇವೆ. ಮೂರನೆಯದು ಬಾಕಿ ಇದೆ.

ಹೊರಗೆ ಬಂದು ಯೂಸುಫ್(ಅ)ರನ್ನು ಮರೆತುಬಿಟ್ಟ ಆ ಸಂಗಾತಿಯ ಸಾಲಿಗೆ ನಾವು ಸೇರದಿರಲಿ. ಅಲ್ಲಾಹನು ನಮಗೆ ನೆನಪಿಡುವ ಮನಸ್ಸನ್ನು ಕರುಣಿಸಲಿ. ಆಮೀನ್.